ತಾತನ ಪದಕ, ತಾತನ ಕಾಗದ: ಓದಿ ಕಾಪಿಟ್ಟ ಬಗೆ

ಪದಕ ಕೈಗೆ ಬಂದ ಕೂಡಲೇ ನೋಡಬೇಕಾದದ್ದು ಅದರ ಅಂಚು. ಎರಡನೇ ಮಹಾಯುದ್ಧದಲ್ಲಿ ದುಡಿದ ಭಾರತೀಯ ಸೈನಿಕರ ದುಂಡು ಪದಕಗಳ ಅಂಚಿನಲ್ಲಿ, ನಕ್ಷತ್ರದಾಕಾರದವಾದರೆ ಬೆನ್ನಿನಲ್ಲಿ, ನಂಬರು, ಹುದ್ದೆ, ಹೆಸರು, ಪಡೆ ಇಷ್ಟನ್ನೂ ಸಾಮಾನ್ಯವಾಗಿ ಒತ್ತಿರುತ್ತಾರೆ. ಅದೇ ಪದಕಗಳನ್ನು ಬ್ರಿಟಿಷ್ ಸೈನಿಕರಿಗೆ ಕೊಟ್ಟಾಗ ಹೆಸರು ಹಾಕಲಿಲ್ಲ. ನಮ್ಮ ತಾತಂದಿರ ಪದಕಗಳಲ್ಲಿ ಹೆಸರಿದೆ. ಆ ಒಂದು ಸಾಲಿನಿಂದಲೇ ಉಳಿದದ್ದೆಲ್ಲ ಬಿಚ್ಚಿಕೊಳ್ಳುತ್ತದೆ.

ಒತ್ತಿದ ಅಕ್ಷರ ಸವೆದಿದ್ದರೆ ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಲು ಹೋಗಬಾರದು. ಕೋಣೆಯ ದೀಪ ಆರಿಸಿ, ಪದಕವನ್ನು ಹತ್ತಿಬಟ್ಟೆಯ ಮೇಲೆ ಎರಡು ರಬ್ಬರ್ ತುಂಡುಗಳ ನಡುವೆ ನಿಲ್ಲಿಸಿ, ಟಾರ್ಚಿನ ಬೆಳಕನ್ನು ಪಕ್ಕದಿಂದ, ಮೇಲ್ಮೈಗೆ ಹತ್ತು ಹದಿನೈದು ಡಿಗ್ರಿಯಷ್ಟು ಓರೆಯಾಗಿ ಹಾಯಿಸಬೇಕು. ಹಳ್ಳಗಳಲ್ಲಿ ನೆರಳು ಬಿದ್ದು ಅಕ್ಷರ ಎದ್ದು ಬರುತ್ತದೆ. ದುಂಡು ಪದಕದ ವ್ಯಾಸ 36 ಮಿಮೀ, ಸುತ್ತಳತೆ ಸುಮಾರು 113 ಮಿಮೀ. ನಾನು ಆರು ಸಲ ತಿರುಗಿಸಿ ಆರು ಫೋಟೊ ತೆಗೆದು ಜೋಡಿಸಿದೆ. ಕೆಲಸ ಮುಗಿದ ಮೇಲೆ ರಬ್ಬರನ್ನು ಪದಕದ ಹತ್ತಿರ ಬಿಡಬಾರದು, ಅದರಲ್ಲಿನ ಗಂಧಕ ಲೋಹವನ್ನು ಕಪ್ಪು ಮಾಡುತ್ತದೆ.

ಕಂಡದ್ದನ್ನು ಕಂಡ ಹಾಗೆಯೇ ಬರೆದುಕೊಳ್ಳಬೇಕು. ಅಂದಿನ ಗುಮಾಸ್ತರು ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದ ಕನ್ನಡ ಹೆಸರುಗಳು ಒಂದೊಂದು ಕಾಗದದಲ್ಲಿ ಒಂದೊಂದು ರೀತಿ ಇರುತ್ತವೆ, ಇನಿಷಿಯಲ್ ಮಾಯವಾಗಿರುತ್ತದೆ. ಹೆಸರನ್ನು ತಿದ್ದಿ ಹುಡುಕಿದರೆ ಸಿಗುವುದಿಲ್ಲ. ನಂಬರು ಮಾತ್ರ ಪದಕ, ಡಿಸ್ಚಾರ್ಜ್ ಬುಕ್ (ಸೈನ್ಯದಿಂದ ಬಿಡುಗಡೆಯಾದಾಗ ಕೊಟ್ಟ ಸೇವಾ ಪುಸ್ತಕ), ಪಿಂಚಣಿ ಆದೇಶ ಮೂರರಲ್ಲೂ ತಾಳೆಯಾಗುತ್ತದೆ. 3 ಮತ್ತು 8, 1 ಮತ್ತು 7 ಇವುಗಳಲ್ಲಿ ಅನುಮಾನವಿದ್ದರೆ ಎರಡನ್ನೂ ಗುರುತು ಹಾಕಿಟ್ಟುಕೊಳ್ಳುವುದು ಮೇಲು.

ಇನ್ನು ಯಾವ ಪದಕ ಏನು ಹೇಳುತ್ತದೆ ಎಂಬುದು. ಆರು ಮೂಲೆಯ ನಕ್ಷತ್ರಗಳು ತಾಮ್ರ ಮತ್ತು ಸತುವಿನ ಮಿಶ್ರಲೋಹ. ಅವುಗಳ ಮುಖಗಳು ನೋಡಲು ಒಂದೇ ತರಹ, ನಡುವಿನ ಪಟ್ಟಿಯ ಮೇಲಿನ ಹೆಸರು ಮಾತ್ರ ಬೇರೆ. ಬರ್ಮಾ ಸ್ಟಾರ್ 1941ರ ಡಿಸೆಂಬರ್ 11ರಿಂದ 1945ರ ಸೆಪ್ಟೆಂಬರ್ 2ರವರೆಗಿನ ಬರ್ಮಾ ಯುದ್ಧರಂಗಕ್ಕೆ. ಅದರ ರಿಬ್ಬನ್ನಿನಲ್ಲಿ ನಡುವೆ ಅಗಲವಾದ ಕೆಂಪು, ಎರಡೂ ಕಡೆಯ ಕಡುನೀಲಿಯೊಳಗೆ ಕಿತ್ತಳೆ ಗೀಟು. ಆಫ್ರಿಕಾ ಸ್ಟಾರ್ 1940ರ ಜೂನ್ 10ರಿಂದ 1943ರ ಮೇ 12ರವರೆಗೆ. ರಿಬ್ಬನ್ ಮರಳಿನ ಬಣ್ಣದ್ದು. ಇಟಲಿ ಸ್ಟಾರ್‌ನ ರಿಬ್ಬನ್ ಕೆಂಪು, ಬಿಳಿ, ಹಸಿರು. ದುಂಡು ಪದಕಗಳಲ್ಲಿ ಎರಡು ತಲೆಯ ಡ್ರ್ಯಾಗನ್ ಮೇಲೆ ಸಿಂಹ ನಿಂತಿದ್ದರೆ ಅದು ವಾರ್ ಮೆಡಲ್, 28 ದಿನದ ಸೇವೆಗೇ ಸಿಗುತ್ತಿತ್ತು. ಹಿಂಬದಿಯಲ್ಲಿ ಭಾರತದ ನಕ್ಷೆಯಿದ್ದರೆ ಇಂಡಿಯಾ ಸರ್ವಿಸ್ ಮೆಡಲ್, ದೇಶದೊಳಗೇ ಮೂರು ವರ್ಷ ಸೇವೆ ಮಾಡಿದವರಿಗೆ ಕೊಟ್ಟದ್ದು. ಎರಡೂ ತಾಮ್ರ-ನಿಕಲ್, ಬೆಳ್ಳಿಯಲ್ಲ. ಬೆಳ್ಳಿಯೆಂದು ತಿಳಿದು ಅಕ್ಕಸಾಲಿಗರ ಹತ್ತಿರ ತೊಳೆಸಿದರೆ ಹೊಳಪಿನ ಜೊತೆಗೆ ಅಂಚಿನ ಅಕ್ಷರವೂ ಸವೆಯುತ್ತದೆ.

ಬರ್ಮಾ ಸ್ಟಾರ್ ಇದೆ ಎಂದ ಮಾತ್ರಕ್ಕೆ ತಾತ ಬರ್ಮಾ ಗಡಿಯ ದೊಡ್ಡ ಕಾಳಗಗಳು ನಡೆದ ಕೊಹಿಮಾದಲ್ಲೋ ಇಂಫಾಲದಲ್ಲೋ ಹೋರಾಡಿದರು ಎಂದು ಬರೆಯುವಂತಿಲ್ಲ. ನಾನೇ ಮೊದಲ ಕರಡಿನಲ್ಲಿ ಹಾಗೆ ಬರೆದು ಆಮೇಲೆ ಹೊಡೆದುಹಾಕಿದೆ. ಆ ಪದಕ ಯುದ್ಧರಂಗವನ್ನು ಹೇಳುತ್ತದೆ, ಯುದ್ಧವನ್ನು ಹೇಳುವುದಿಲ್ಲ. ಯಾವ ತಿಂಗಳು ಯಾವ ಊರಲ್ಲಿದ್ದರು ಎಂಬುದು ಆ ಘಟಕ ದಿನದಿನವೂ ಬರೆದಿಟ್ಟ ವಾರ್ ಡೈರಿಯಲ್ಲಿ ಮಾತ್ರ ಸಿಗುವ ಮಾತು. ಲಂಡನ್ನಿನ ಕ್ಯೂ ಎಂಬ ಬಡಾವಣೆಯಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಬರ್ಮಾ ಕಡೆಯ ಡೈರಿಗಳು ಡಬ್ಲ್ಯುಒ 172, ಮಧ್ಯಪ್ರಾಚ್ಯದವು 169, ಇಟಲಿಯವು 170 ಎಂಬ ಸರಣಿಗಳಲ್ಲಿವೆ. ಡೈರಿಯಲ್ಲಿ ಸಿಪಾಯಿಯ ಹೆಸರು ಸಿಗುವುದು ಅಪರೂಪ. ಘಟಕ ಎಲ್ಲಿತ್ತೆಂದು ತಿಳಿದರೆ ಅಷ್ಟೇ ಸಾಕು.

ಡಿಸ್ಚಾರ್ಜ್ ಬುಕ್ ಇದ್ದವರು ಪುಣ್ಯವಂತರು. ಸೇರಿದ ದಿನ, ಬಿಡುಗಡೆಯ ದಿನ, ತಂದೆಯ ಹೆಸರು, ಹಳ್ಳಿ, ತಾಲ್ಲೂಕು, ಎತ್ತರ, ಮೈಮೇಲಿನ ಗುರುತು ಎಲ್ಲ ಅದರಲ್ಲಿರುತ್ತದೆ. ತಲೆ ತಿನ್ನುವುದು ಸಂಕ್ಷೇಪಾಕ್ಷರಗಳು. ಎಸ್‌ಪಿಆರ್ ಎಂದರೆ ಸ್ಯಾಪರ್ (ಎಂಜಿನಿಯರ್ ಪಡೆಯ ಸಿಪಾಯಿ), ಎನ್‌ಕೆ ಎಂದರೆ ನಾಯಕ್ (ಸಿಪಾಯಿಗಿಂತ ಮೇಲಿನ ಹುದ್ದೆ), ಜೆಇಎಂ ಎಂದರೆ ಜಮಾದಾರ್ (ಅದಕ್ಕೂ ಮೇಲಿನ ಭಾರತೀಯ ಅಧಿಕಾರಿ). ಆರ್‌ಐಎಎಸ್‌ಸಿ ಸರಬರಾಜು ಮತ್ತು ಸಾಗಣೆಯ ಪಡೆ, ಐಎಒಸಿ ಮದ್ದುಗುಂಡು ಮತ್ತು ಸಾಮಾನು ಉಗ್ರಾಣದ ಪಡೆ. ಪೈಫೋರ್ಸ್ ಎಂದಿದ್ದರೆ ಇರಾನ್-ಇರಾಕ್. ಮನೆಯ ಹಿರಿಯರು ಬಸ್ರಾ ಎಂದು ನೆನೆಸಿಕೊಳ್ಳುವುದು ಇದನ್ನೇ. ಎಂಇಎಫ್ ಮಧ್ಯಪ್ರಾಚ್ಯ, ಸಿಎಂಎಫ್ ಇಟಲಿ ಕಡೆ, ಸೀಕ್ ಆಗ್ನೇಯ ಏಷ್ಯಾ. ಎನ್‌ಸಿ(ಇ) ಎಂದಿದ್ದರೆ ಅಡುಗೆ, ಬಟ್ಟೆ ಒಗೆತ, ಕ್ಷೌರದಂಥ ಕೆಲಸಕ್ಕೆ ಸೇರಿದವರು. ಅವರೂ ಅದೇ ಹಡಗಿನಲ್ಲಿ ಹೋದರು, ಅದೇ ಕಾಡಿನಲ್ಲಿ ಮಲೇರಿಯಾ ತಿಂದರು. ಅವರನ್ನು ಬಂದೂಕು ಹಿಡಿದವರೆಂದು ಬಡ್ತಿ ಕೊಟ್ಟು ಬರೆಯುವುದನ್ನು ಕಂಡಾಗ ನನಗೆ ನೋವಾಗುತ್ತದೆ. ಸ್ವಂತ ಇಚ್ಛೆಯಿಂದ ಸೇರಿದ 25 ಲಕ್ಷ ಜನರ ಸೈನ್ಯಕ್ಕೆ ಅನ್ನ ಬೇಯಿಸಿದವರೂ ಬೇಕಿತ್ತು.

ಬಿಡುಗಡೆಗೆ ಕಾರಣ ಎಂಬ ಕಡೆ ಡಿಮೊಬಿಲೈಸೇಷನ್, ರಿಡಕ್ಷನ್ ಎಂಬ ಪದಗಳಿದ್ದರೆ ತಪ್ಪು ಮಾಡಿ ಹೊರಬಿದ್ದರು ಎಂದಲ್ಲ. ಯುದ್ಧ ಮುಗಿದ ಮೇಲೆ ಸೈನ್ಯವನ್ನು ಇಳಿಸಿದಾಗ ಲಕ್ಷಗಟ್ಟಲೆ ಜನ ಹೀಗೆ ಮನೆಗೆ ಬಂದರು. ನಡತೆಯ ಕಾಲಂ ಬೇರೆಯೇ ಇರುತ್ತದೆ, ಅದನ್ನು ಓದಿ.

ಪುಸ್ತಕ ಬಿಚ್ಚುವಾಗ ಒಂದು ಎಚ್ಚರ. ಆಗಿನ ಕಚೇರಿಗಳಲ್ಲಿ ಕಾಪಿಯಿಂಗ್ ಪೆನ್ಸಿಲ್ ಬಳಕೆಯಲ್ಲಿತ್ತು. ಒಣಗಿದಾಗ ಮಾಮೂಲಿ ಸೀಸದ ಹಾಗೆ ಬೂದು. ಒಂದು ಹನಿ ನೀರು, ಬೆವರಿದ ಬೆರಳು ತಾಗಿದರೂ ಸಾಕು, ನೇರಳೆಯಾಗಿ ಹರಡಿಬಿಡುತ್ತದೆ. ಹಿಂದೆ ಒದ್ದೆ ಬಟ್ಟೆಯಲ್ಲಿ ಒರೆಸಿದ ಕಾಗದಗಳಲ್ಲಿ ಕಾಣುವ ನೇರಳೆ ಮಚ್ಚೆ ಇದೇ. ಒಣಗಿದ ಮೃದುವಾದ ಬ್ರಷ್ ಬಿಟ್ಟು ಬೇರೇನೂ ಮುಟ್ಟಿಸಬೇಡಿ. ತುಕ್ಕು ಹಿಡಿದ ಗುಂಡುಸೂಜಿಯನ್ನು ಎಳೆದರೆ ಕಾಗದ ಹರಿಯುತ್ತದೆ. ಅದರ ಕೆಳಗೆ ತೆಳುವಾದ ಪ್ಲಾಸ್ಟಿಕ್ ಪಟ್ಟಿ ತೂರಿಸಿ, ಸೂಜಿಯನ್ನು ಮೆಲ್ಲಗೆ ಸಡಿಲಿಸಿ ತೆಗೆಯಬೇಕು. ಲ್ಯಾಮಿನೇಷನ್ ಮಾತ್ರ ಬೇಡವೇ ಬೇಡ. ಬಿಸಿಗೆ ಅಂಟು ಕಾಗದದ ನಾರಿನೊಳಗೆ ಇಳಿದರೆ ಮತ್ತೆ ಬಿಡಿಸುವ ದಾರಿಯಿಲ್ಲ, ಒಳಗಿನ ಆಮ್ಲ ಒಳಗೇ ಕಾಗದವನ್ನು ತಿನ್ನುತ್ತಿರುತ್ತದೆ. ಸೆಲ್ಲೊಟೇಪ್ ಕೂಡ ಹತ್ತಿಪ್ಪತ್ತು ವರ್ಷದಲ್ಲಿ ಹಳದಿ ಬರೆ ಬಿಟ್ಟು ಉದುರುತ್ತದೆ.

ಮಾಸಿದ ಶಾಯಿ ಓದಲು 365 ನ್ಯಾನೊಮೀಟರಿನ ಅತಿನೇರಳೆ ಟಾರ್ಚು ನೆರವಾಗುತ್ತದೆ. ಹಳೆಯ ಕಬ್ಬಿಣದ ಶಾಯಿ ಆ ಬೆಳಕನ್ನು ಹೀರಿ ಕಪ್ಪಾಗಿ ಕಾಣುತ್ತದೆ, ಸುತ್ತಲಿನ ಕಾಗದ ಮಿನುಗುತ್ತದೆ. ಕಣ್ಣಿಗೆ ಕನ್ನಡಕ ಇರಲಿ, ಫೋಟೊ ತೆಗೆದ ಕೂಡಲೇ ಆರಿಸಿಬಿಡಿ. ಕಾಗದಗಳಿಗೆ 400 ಡಿಪಿಐ, ಫೋಟೊಗಳಿಗೆ 600, ಪಾಸ್‌ಪೋರ್ಟ್ ಅಳತೆಯವಕ್ಕೆ 1200, ಎಲ್ಲವೂ ಬಣ್ಣದಲ್ಲಿ, ಟಿಫ್ ರೂಪದಲ್ಲಿ, ಸ್ಕ್ಯಾನರಿನ ತಾನಾಗಿ ತಿದ್ದುವ ಸೌಲಭ್ಯ ಆರಿಸಿ. ಬೆನ್ನನ್ನೂ ಸ್ಕ್ಯಾನ್ ಮಾಡಬೇಕು. ಸ್ಟುಡಿಯೊ ಮುದ್ರೆ ಅಲ್ಲಿರುತ್ತದೆ. ಕಪ್ಪುಬಿಳುಪು ಫೋಟೊದಲ್ಲಿ ತೋಳಿನ ಡಿವಿಜನ್ ಗುರುತನ್ನು ಹಿಗ್ಗಿಸಿ ನೋಡಿ: ಹದ್ದು ಇದ್ದರೆ 4ನೇ ಭಾರತೀಯ ಡಿವಿಜನ್, ಕಪ್ಪು ಬೆಕ್ಕು 17ನೆಯದು, ಕಠಾರಿ 19ನೆಯದು.

ಕಾಗದವೇ ಇಲ್ಲದಿದ್ದರೆ ಆ ಪಡೆಯ ರೆಕಾರ್ಡ್ ಆಫೀಸಿಗೆ ಬರೆಯಬೇಕು. ಮದ್ರಾಸ್ ಸ್ಯಾಪರ್ಸ್‌ನದು ಬೆಂಗಳೂರಿನಲ್ಲಿ, ಮದ್ರಾಸ್ ರೆಜಿಮೆಂಟಿನದು ನೀಲಗಿರಿಯ ವೆಲಿಂಗ್ಟನ್‌ನಲ್ಲಿ, ಸಿಗ್ನಲ್ಸ್‌ನದು ಜಬಲ್ಪುರದಲ್ಲಿ, ಫಿರಂಗಿ ಪಡೆಯದು ನಾಸಿಕ್ ರೋಡ್‌ನಲ್ಲಿ. ನಂಬರು, ಹುದ್ದೆ, ಪದಕದ ಮೇಲಿರುವ ರೂಪದಲ್ಲೇ ಹೆಸರು, ಹಳ್ಳಿ-ತಾಲ್ಲೂಕು-ಜಿಲ್ಲೆಯ ಅಂದಿನ ಹೆಸರು, ಮರಣ ಪ್ರಮಾಣಪತ್ರದ ಪ್ರತಿ, ನಿಮ್ಮ ಸಂಬಂಧಕ್ಕೆ ದಾಖಲೆ ಇಷ್ಟು ಜೊತೆಗಿರಲಿ. ಕೇಳುವಾಗ ‘ಎಲ್ಲ ವಿವರ ಕೊಡಿ’ ಎಂದು ಕೇಳಬಾರದು; ಪಿಂಚಣಿಯಿಲ್ಲದೆ ಹೊರಬಂದವರ ಕಡತಗಳನ್ನು 25 ವರ್ಷದ ನಂತರ ನಾಶ ಮಾಡುವ ನಿಯಮವಿರುವುದರಿಂದ ‘ಲಭ್ಯವಿಲ್ಲ’ ಎಂಬ ಒಂದು ಸಾಲು ಬಂದು ಕೆಲಸ ನಿಲ್ಲುತ್ತದೆ. ಉಳಿದಿರುವುದು ಲಾಂಗ್ ರೋಲ್ ಎಂಬ ದೊಡ್ಡ ರಿಜಿಸ್ಟರು. ‘ಈ ನಂಬರಿನ ಲಾಂಗ್ ರೋಲ್ ನಮೂದಿನ ಪ್ರತಿ’ ಎಂದೇ ಕೇಳಿ. ಪತ್ರಕ್ಕೆ ಉತ್ತರ ಬಾರದಿದ್ದರೆ ಹತ್ತು ರೂಪಾಯಿಯ ಆರ್‌ಟಿಐ ಅರ್ಜಿ ಇದೆ, ಸೇನೆ ಆ ಕಾಯಿದೆಯ ಒಳಗೇ ಬರುತ್ತದೆ.

ಯುದ್ಧದಲ್ಲಿ ತೀರಿಕೊಂಡವರಾದರೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಪಟ್ಟಿಯಲ್ಲಿ ನೋಡಬೇಕು. 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರವರೆಗೆ ಸತ್ತವರು ಅದರಲ್ಲಿದ್ದಾರೆ. ಸಮಾಧಿ ಎಂದು ಹುಡುಕಿ ಸಿಗದೆ ಕೈಬಿಡುವವರು ಬಹಳ. ಹಿಂದೂ ಮತ್ತು ಸಿಖ್ ಸೈನಿಕರಿಗೆ ದಹನವಾಯಿತು, ಹಾಗಾಗಿ ಅವರ ಹೆಸರು ಸ್ಮಾರಕದ ಕಲ್ಲಿನ ಮೇಲಿರುತ್ತದೆ: ಕೊಹಿಮಾದ ದಹನ ಸ್ಮಾರಕವೊಂದರಲ್ಲೇ 917 ಹೆಸರುಗಳಿವೆ, ರಂಗೂನ್ ಸ್ಮಾರಕದಲ್ಲಿ ಸುಮಾರು 27,000. ಮೈಸೂರು ಸಂಸ್ಥಾನದ ಪಡೆಯವರಾಗಿದ್ದರೆ ಇನ್ನೊಂದು ಸುಳಿವು: ಮೈಸೂರು ಇನ್‌ಫೆಂಟ್ರಿ 1942ರ ಫೆಬ್ರವರಿ 15ರಂದು ಸಿಂಗಪುರದಲ್ಲಿ ಸೆರೆಯಾದ ಸೈನ್ಯದಲ್ಲಿತ್ತು. ಆ ದಿನದ ನಂತರ ಪತ್ರ ನಿಂತುಹೋಗಿದ್ದರೆ ಸೆರೆವಾಸವೋ ಆಜಾದ್ ಹಿಂದ್ ಫೌಜೋ ಎಂದು ಎರಡೂ ಕಡೆ ಹುಡುಕಬೇಕು. ಫೌಜಿನ ಕಾಗದಗಳಿಗೆ ದೆಹಲಿಯ ರಾಷ್ಟ್ರೀಯ ಪತ್ರಾಗಾರದ ಅಭಿಲೇಖ್ ಪಟಲ್ ಎಂಬ ಜಾಲತಾಣದಿಂದ ಶುರುಮಾಡಬಹುದು.

ಕಾಪಿಡುವುದಕ್ಕೆ ಬಂದರೆ, ಮನೆಗಳಲ್ಲಿ ಪದಕ ಹಾಳಾಗುವುದು ಬಹುಪಾಲು ಭಕ್ತಿಯಿಂದಲೇ. ಆಯುಧಪೂಜೆಗೆ ಹುಣಸೆಹಣ್ಣು ಹಾಕಿ ತಿಕ್ಕಿ, ಅರಿಶಿನ ಕುಂಕುಮ ಇಡುತ್ತಾರೆ. ಹುಳಿ ಲೋಹವನ್ನು ಕರಗಿಸುತ್ತದೆ, ಕುಂಕುಮ ರಿಬ್ಬನ್ನಿಗೆ ಇಳಿದರೆ ಹೋಗುವುದಿಲ್ಲ. ಪೂಜೆ ನಿಲ್ಲಿಸಬೇಕಿಲ್ಲ, ಪೆಟ್ಟಿಗೆಯ ಮುಚ್ಚಳಕ್ಕೆ ಇಟ್ಟರಾಯಿತು. ಆಗಲೇ ಅಂಟಿರುವ ಕೊಳೆಗೆ ರಿಬ್ಬನ್ ಬೇರ್ಪಡಿಸಿ, ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯ ಕಡ್ಡಿಯಿಂದ ಲೋಹವನ್ನಷ್ಟೇ ಒರೆಸಬಹುದು. ಕಂದು ಬಣ್ಣ ಕೊಳೆಯಲ್ಲ, ಅದನ್ನು ಬಿಡಿ. ಹಸಿರು ಅಂಟು ಕಂಡರೆ ಇಟ್ಟ ಪಿವಿಸಿ ಚೀಲದ್ದೇ ತಪ್ಪು, ಅದರ ಮೆದುಕಾರಕ ತಾಮ್ರದ ಜೊತೆ ಸೇರಿ ಹಾಗಾಗುತ್ತದೆ. ಪಾಲಿಪ್ರೊಪಿಲೀನ್ ಡಬ್ಬಿ, ಆಮ್ಲರಹಿತ ಟಿಶ್ಯೂ ಕಾಗದ ಸರಿ. ಪ್ಲೈವುಡ್, ಉಣ್ಣೆಯ ಫೆಲ್ಟ್ ಹಾಸಿದ ಷೋಕೇಸು ಸರಿಯಲ್ಲ. ಹತ್ತು ಲೀಟರಿನ ಡಬ್ಬಿಗೆ 200 ಗ್ರಾಂ ಸಿಲಿಕಾ ಜೆಲ್, ಬಣ್ಣ ಬದಲಾದಾಗ 120 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿ ಮತ್ತೆ ಇಡುವುದು. ಕಾಗದ, ಫೋಟೊ ಅತಿಯಾಗಿ ಒಣಗಿದರೆ ಸುರುಟಿ ಬಿರಿಯುತ್ತವೆ, ಹಾಗಾಗಿ ಅವಕ್ಕೆ ಬೇರೆ ರಟ್ಟಿನ ಪೆಟ್ಟಿಗೆ. ಅದರಲ್ಲಿ ನುಸಿಗುಳಿಗೆ ಬೇಡ. ಹುಳು ಕಂಡರೆ ಕಾಗದವನ್ನು ಪಾಲಿಥಿನ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಟ್ಟು, ಹೊರತೆಗೆದ ಮೇಲೆ ಒಂದು ದಿನ ಬಿಚ್ಚದೆ ಬಿಡಬೇಕು. ರಿಬ್ಬನ್ ಎಷ್ಟೇ ಜೀರ್ಣವಾಗಿದ್ದರೂ ಎಸೆಯಬಾರದು. ಗೋಡೆಗೆ ತೂಗುಹಾಕುವ ಪದಕಕ್ಕೆ 32 ಮಿಮೀ ಅಗಲದ ಹೊಸ ರಿಬ್ಬನ್ ಹಾಕಿ, ಹಳೆಯದನ್ನು ಮಡಿಸದೆ ಡಬ್ಬಿಯಲ್ಲಿಡಿ. ಎಡ ಎದೆ ಪದಕ ಗಳಿಸಿದವರದು, ಸ್ಮರಣೆಯ ದಿನ ಮೊಮ್ಮಕ್ಕಳು ಧರಿಸುವುದಾದರೆ ಬಲಕ್ಕೆ.

ಅಜ್ಜಿ ಇದ್ದರೆ ಇದೆಲ್ಲಕ್ಕಿಂತ ಮೊದಲು ಅವರ ಹತ್ತಿರ ಕೂರಬೇಕು. ‘ಯುದ್ಧದ ಬಗ್ಗೆ ಹೇಳಿ’ ಎಂದರೆ ‘ನನಗೇನು ಗೊತ್ತಪ್ಪ’ ಎಂದುಬಿಡುತ್ತಾರೆ. ಮನಿಯಾರ್ಡರು ಯಾರ ಹೆಸರಿಗೆ ಬರುತ್ತಿತ್ತು, ಕಾಗದ ಓದಿ ಹೇಳುತ್ತಿದ್ದವರು ಯಾರು, ಯಾವ ಸ್ಟೇಷನ್ನಿನಲ್ಲಿ ರೈಲು ಹತ್ತಿದರು, ವಾಪಸು ಬಂದಾಗ ಯಾವ ಬೆಳೆ ನಿಂತಿತ್ತು ಎಂದು ಕೇಳಿ. ಬೆಳೆಯಿಂದ ತಿಂಗಳು ಸಿಗುತ್ತದೆ, ಅದು ಡಿಸ್ಚಾರ್ಜ್ ದಿನಾಂಕಕ್ಕೆ ಹೊಂದುತ್ತದೋ ನೋಡಬಹುದು. ಅಜ್ಜಿಯೇ ಸೇವೆಯಲ್ಲಿದ್ದವರಾಗಿದ್ದರೆ, 1942ರಲ್ಲಿ ಶುರುವಾದ ಮಹಿಳಾ ಸಹಾಯಕ ದಳವನ್ನು ಮರೆಯಬೇಡಿ.

ಕೊನೆಗೆ ಪದಕದ ಪಕ್ಕದಲ್ಲಿಡುವ ಚೀಟಿ. 1947ರ ಆಗಸ್ಟ್ 15ರಂದು ಸೇವೆಯಲ್ಲಿದ್ದವರಿಗೆ ಕೊಟ್ಟ ಸ್ವಾತಂತ್ರ್ಯ ಪದಕವನ್ನು ಬೆಳಕಿಗೆ ಹಿಡಿದು ನೋಡಿ. ಕೇಸರಿ, ಬಿಳಿ, ಹಸಿರಿನ ರಿಬ್ಬನ್. ಒಂದು ಮುಖದಲ್ಲಿ ಅಶೋಕ ಚಕ್ರ, ಅದರ ನೆತ್ತಿಯ ಮೇಲೆ ಬ್ರಿಟಿಷ್ ಕಿರೀಟ, ಸುತ್ತ ಆರನೇ ಜಾರ್ಜ್‌ನ ಬಿರುದು ಲ್ಯಾಟಿನ್‌ನಲ್ಲಿ. ತಿರುಗಿಸಿದರೆ ಸಾರನಾಥದ ಸಿಂಹಗಳು, ಕೆಳಗೆ ಆ ದಿನದ ತಾರೀಕು. ತಾತನ ಬದುಕೂ ಹೀಗೆಯೇ ಎರಡು ಮುಖದ್ದು. ದೊರೆಗೆ ಪ್ರಮಾಣ ಮಾಡಿ ಹೋದರು, ಬಿಡುಗಡೆಯಾದ ದೇಶದಲ್ಲಿ ಕಣ್ಣು ಮುಚ್ಚಿದರು. ಚೀಟಿಯಲ್ಲಿ ಕಿರೀಟವನ್ನು ಮುಚ್ಚಿಡಬೇಕಿಲ್ಲ, ಅವರನ್ನು ಸ್ವಾತಂತ್ರ್ಯ ಹೋರಾಟಗಾರರೆಂದು ಮಾಡಲೂಬೇಕಿಲ್ಲ. ನಾವು ಯಾರ ಅಪ್ಪಣೆಯೂ ಇಲ್ಲದೆ ಅವರ ಕಥೆಯನ್ನು ಕನ್ನಡದಲ್ಲಿ ಬರೆದಿಡುತ್ತಿದ್ದೇವಲ್ಲ, ಆ ಸ್ವಾತಂತ್ರ್ಯಕ್ಕೆ ನಾನು ಅವರಿಗೂ ಋಣಿ, ಜೈಲಿಗೆ ಹೋದವರಿಗೂ ಋಣಿ.

ಮೊದಲನೇ ಮಹಾಯುದ್ಧದ ನಂತರ ಎಷ್ಟೋ ಹಳ್ಳಿಗಳಲ್ಲಿ ನೆಟ್ಟ ಅಮೃತಶಿಲೆಯ ಫಲಕಗಳಲ್ಲಿ ಈ ಊರಿನಿಂದ ಇಷ್ಟು ಜನ ಹೋದರು, ಇಷ್ಟು ಜನ ಪ್ರಾಣ ಕೊಟ್ಟರು ಎಂದು ಸಂಖ್ಯೆ ಮಾತ್ರ ಇದೆ, ಹೆಸರಿಲ್ಲ. ಅದಕ್ಕೇ ನನ್ನ ಚೀಟಿ ಹೆಸರಿನಿಂದ ಶುರುವಾಗುತ್ತದೆ. ಆಮೇಲೆ ನಂಬರು, ಹುದ್ದೆ, ಪಡೆ, ಸೇರಿದ ಮತ್ತು ಬಿಟ್ಟ ದಿನ, ಯುದ್ಧರಂಗ. ಪ್ರತಿ ಸಾಲಿನ ತುದಿಗೆ ಆಧಾರ: ‘ಪದಕದ ಅಂಚು’, ‘ಡಿಸ್ಚಾರ್ಜ್ ಬುಕ್ ಪುಟ 3’, ‘ಅಜ್ಜಿ ಹೇಳಿದ್ದು’. ಆಮ್ಲರಹಿತ ಕಾಗದ, 2ಬಿ ಪೆನ್ಸಿಲ್. ಈ ಮಾಮೂಲಿ ಪೆನ್ಸಿಲ್ ನೀರಿಗೆ ಹರಡುವುದಿಲ್ಲ, ಮುಂದೆ ಯಾರಿಗಾದರೂ ವಾರ್ ಡೈರಿ ಸಿಕ್ಕರೆ ತಿದ್ದಲೂ ಬರುತ್ತದೆ. ಕೆಳಗೆ ನಾಲ್ಕು ಸಾಲು ಖಾಲಿ ಬಿಟ್ಟಿದ್ದೇನೆ.