ಒಂದೇ ಪ್ರಶ್ನೆಗೆ ನಾಲ್ಕು ಸಲ ಉತ್ತರ: ನಮ್ಮ ಬಾಟ್ ಸರಿಹೋದದ್ದು ಹೀಗೆ

ಕಲಬುರಗಿಯ ಒಂದು ದಾಲ್ ಮಿಲ್ ಕಚೇರಿಯಲ್ಲಿ ನನ್ನ ಕೆಲಸ. ನಮ್ಮವರು ಸ್ಲ್ಯಾಕ್ ಎಂಬ ಕಚೇರಿ ಚಾಟ್ ಆ್ಯಪ್‌ನಲ್ಲಿ ದಿನಾ ಕೇಳುವುದು ಅವೇ ಪ್ರಶ್ನೆಗಳು. ರಜೆ ಅರ್ಜಿ ಯಾರಿಗೆ ಕೊಡಬೇಕು? ತೊಗರಿಯ ತೇವಾಂಶ ಎಷ್ಟರೊಳಗೆ ಇರಬೇಕು? ಅದಕ್ಕೇ ಪೈಥಾನ್‌ನಲ್ಲಿ ಪ್ರಯೋಗಕ್ಕೆಂದು ಒಂದು ಬಾಟ್ (ತಾನಾಗಿ ಉತ್ತರಿಸುವ ಪ್ರೋಗ್ರಾಂ) ಮಾಡಿದೆ. ಅದು ನಮ್ಮ ನಿಯಮಗಳ ಫೈಲಿನಲ್ಲಿ ಹುಡುಕಿ, ಸಿಕ್ಕಿದ್ದನ್ನು ಎಐ ಮಾದರಿಗೆ ಕೊಟ್ಟು ಉತ್ತರ ಬರೆಸುತ್ತದೆ.

ಆದರೆ ಒಂದು ಪ್ರಶ್ನೆಗೆ ಉತ್ತರ ಮತ್ತೆ ಮತ್ತೆ ಬರತೊಡಗಿತು. ಕೂಡಲೇ ಎರಡು, ನಿಮಿಷ ಬಿಟ್ಟು ಒಂದು, ಆಮೇಲೆ ಇನ್ನೊಂದು. ಎರಡು ದಿನ ಸುಮ್ನೆ ಪ್ರಾಂಪ್ಟ್ (ಎಐಗೆ ಕೊಡುವ ಸೂಚನೆ) ತಿದ್ದುತ್ತಾ ಕೂತೆ. ತಪ್ಪು ಅಲ್ಲಿರಲಿಲ್ಲ. ಲಾಗ್ (ಸರ್ವರ್‌ನ ದಾಖಲೆ) ತೆಗೆದು ನೋಡಿದರೆ ನಾಲ್ಕಕ್ಕೂ ಈವೆಂಟ್ ಐಡಿ, ಅಂದರೆ ಸ್ಲ್ಯಾಕ್ ಕೊಡುವ ಗುರುತು, ಒಂದೇ!

ಸ್ಲ್ಯಾಕ್ ಈವೆಂಟ್ (ಹೊಸ ಸಂದೇಶ ಬಂದಿದೆ ಎಂಬ ಸೂಚನೆ) ಕಳಿಸಿದ 3 ಸೆಕೆಂಡಿನೊಳಗೆ ನಮ್ಮ ಸರ್ವರ್ 200, ಅಂದರೆ ‘ತಲುಪಿತು’ ಎಂಬ ಸಂಕೇತ, ಎಂದು ಉತ್ತರಿಸಬೇಕು. ಇಲ್ಲದಿದ್ದರೆ ತಲುಪಿಲ್ಲ ಎಂದುಕೊಂಡು ಮತ್ತೆ 3 ಸಲ ಕಳಿಸುತ್ತದೆ: ತಕ್ಷಣ, 1 ನಿಮಿಷಕ್ಕೆ, 5 ನಿಮಿಷಕ್ಕೆ. ನನ್ನ ಕೋಡ್ ಪೂರ್ತಿ ಉತ್ತರ ಸಿದ್ಧವಾಗುವವರೆಗೆ 200 ಕಳಿಸುತ್ತಲೇ ಇರಲಿಲ್ಲ.

ಈಗ ಮೊದಲು 200 ಕಳಿಸುತ್ತೇನೆ. ಪ್ರಶ್ನೆ ಕ್ಯೂಗೆ (ಸರದಿಗೆ) ಹೋಗುತ್ತದೆ, ಉತ್ತರ ಹಿನ್ನೆಲೆಯಲ್ಲಿ ತಯಾರಾಗುತ್ತದೆ. ಈವೆಂಟ್ ಐಡಿ ಬರೆದಿಟ್ಟುಕೊಂಡು, ಅದೇ ಮತ್ತೆ ಬಂದರೆ ಬಿಟ್ಟುಬಿಡುತ್ತೇನೆ. ಬಾಟ್ ತನ್ನದೇ ಸಂದೇಶಕ್ಕೆ ಉತ್ತರಿಸದಂತೆಯೂ ತಡೆದಿದ್ದೇನೆ.

ಕನ್ನಡದಲ್ಲಿ ಬಾಟ್ ಮಾಡುವವರಿಗೆ ಇನ್ನೊಂದು ಮಾತು. ‘ಕೋ’ದಂಥ ಅಕ್ಷರ ಯೂನಿಕೋಡ್‌ನಲ್ಲಿ (ಕಂಪ್ಯೂಟರಿನ ಅಕ್ಷರ ಸಂಕೇತ ಪದ್ಧತಿ) ಒಂದಕ್ಕಿಂತ ಜಾಸ್ತಿ ರೀತಿಯಲ್ಲಿ ಕೂತಿರಬಹುದು. ಕಣ್ಣಿಗೆ ಒಂದೇ, ಹುಡುಕಿದರೆ ಸಿಗದು. ಪ್ರಶ್ನೆ, ಫೈಲು ಎರಡನ್ನೂ ಮೊದಲು ಎನ್‌ಎಫ್‌ಸಿ ಎಂಬ ಒಂದೇ ಬಗೆಯ ರೂಪಕ್ಕೆ ತನ್ನಿ.