ಗಣಿ ತೆರೆಯುವ ಮುನ್ನ: ಸಂಡೂರಿನ ಬೆಟ್ಟಗಳಲ್ಲಿ ಸಸ್ಯ ಸಮೀಕ್ಷೆ ಮಾಡುವ ಬಗೆ

ಸಂಡೂರಿನ ಕಬ್ಬಿಣದ ಅದಿರಿನ ಬೆಟ್ಟಗಳಲ್ಲಿ ಸಸ್ಯ ಸಮೀಕ್ಷೆ ಹೆಚ್ಚಾಗಿ ಕೆಡುವುದು ಹೋಗುವ ಕಾಲ ತಪ್ಪಿದ್ದರಿಂದ. ಗಣಿಯ ಪರಿಸರ ಅನುಮತಿಗೆ ಸಾಮಾನ್ಯವಾಗಿ ಕೇಳುವುದು ಮಳೆಗಾಲ ಬಿಟ್ಟು ಒಂದು ಋತುವಿನ ಮಾಹಿತಿ. ಧೂಳು ಅಳೆಯಲು ಅದು ಸಾಕಾದೀತು, ಗಿಡಗಳಿಗೆ ಸಾಲದು. ಏಪ್ರಿಲ್‌ನಲ್ಲಿ ಹೋದರೆ ಕಾಣುವುದು ಬೋಳು ಮರ, ಒಣ ಹುಲ್ಲು. ನೆಲದಡಿ ಗೆಡ್ಡೆಯಾಗಿ ಉಳಿದಿರುವ ಹಬೆನೇರಿಯಾ, ಸೆರೋಪೀಜಿಯಾ, ಕ್ಲೋರೋಫೈಟಮ್ ಪಟ್ಟಿಗೇ ಬರುವುದಿಲ್ಲ. ಪಟ್ಟಿಯಲ್ಲಿಲ್ಲದ ಗಿಡವನ್ನು ಉಳಿಸಿ ಎಂದು ಆಮೇಲೆ ಕೇಳುವವರೂ ಇರುವುದಿಲ್ಲ.

ಆದ್ದರಿಂದ ಮೂರು ಸುತ್ತು ಬೇಕು. ಎಲೆಯುದುರಿದ ಮರದಲ್ಲಿ ಅರಿಶಿನ ಬೂರುಗ ಹೂ ಬಿಡುವ ಫೆಬ್ರವರಿ–ಮಾರ್ಚ್ ಒಂದು, ಗೆಡ್ಡೆ ಗಿಡಗಳಿಗಾಗಿ ಆಗಸ್ಟ್–ಸೆಪ್ಟೆಂಬರ್ ಒಂದು, ಹುಲ್ಲು ತೆನೆ ಬಿಡುವ ಅಕ್ಟೋಬರ್–ನವೆಂಬರ್ ಒಂದು. ತೆನೆಯಿಲ್ಲದ ಹುಲ್ಲನ್ನು ಗುರುತಿಸುವ ಕೆಲಸ ಬಹುಪಾಲು ಊಹೆಯಾಗುತ್ತದೆ. ಒಂದೇ ಸಲ ಹೋಗಲು ಸಾಧ್ಯವೆಂದಾದರೆ ಸೆಪ್ಟೆಂಬರ್ ಆರಿಸಿ.

ಅರಣ್ಯ ಇಲಾಖೆಯ ಅನುಮತಿ ಕೈಗೆ ಬಂದ ಮೇಲೆ ನಕ್ಷೆಯಲ್ಲಿ ನೆಲೆಗಳನ್ನು ಬೇರ್ಪಡಿಸಿ: ತುದಿಯ ಅದಿರು ಬಂಡೆ, ಹುಲ್ಲಿನ ಬೋರೆ, ದಿಂಡಿಗ–ತುಗ್ಗಲಿ ಮರಗಳ ಇಳಿಜಾರು, ಹಳ್ಳದ ದಂಡೆ. ಇವನ್ನು ಕಲಸಿ ಸರಾಸರಿ ತೆಗೆದರೆ ಎಲ್ಲೂ ಇಲ್ಲದ ಒಂದು ಕಾಡು ಕಾಗದದ ಮೇಲೆ ಹುಟ್ಟುತ್ತದೆ. ಒಂದೊಂದು ನೆಲೆಗೂ ಕನಿಷ್ಠ 10 ಚೌಕ (ಗಿಡ ಎಣಿಸಲು ಅಳೆದು ಗುರುತಿಸುವ ತುಂಡು ನೆಲ) ಹಾಕಿ. ಹೊಸ ಚೌಕದಲ್ಲಿ ಹೊಸ ಜಾತಿ ಸಿಗುವುದು ನಿಲ್ಲುತ್ತಾ ಬರುವವರೆಗೆ ಮುಂದುವರಿಸಿ. ಮರಕ್ಕೆ 10×10 ಮೀಟರ್, ಅದರೊಳಗೆ ಪೊದೆಗೆ 5×5ರ ಎರಡು, ಹುಲ್ಲು ಮತ್ತು ಸಣ್ಣ ಗಿಡಗಳಿಗೆ 1×1ರ ಐದು.

ಚೌಕ ಹಾಕುವಾಗ ದಿಕ್ಸೂಚಿಯನ್ನು ನಂಬಬೇಡಿ. ಕಾಂತಗುಣದ ಅದಿರಾದ ಮ್ಯಾಗ್ನಟೈಟ್ ಇರುವ ಕಡೆ ಮುಳ್ಳು ಓಲುತ್ತದೆ, ಮೊಬೈಲ್‌ನದೂ ಅಷ್ಟೇ. ಹಗ್ಗದಿಂದ ಮೂಲೆಯಿಂದ ಮೂಲೆಗೆ ಅಳೆಯಿರಿ: ಸಮತಟ್ಟಿನ 10 ಮೀಟರ್ ಚೌಕಕ್ಕೆ ಎರಡೂ ಕರ್ಣ 14.14 ಮೀಟರ್ ಬರಬೇಕು. ಇಳಿಜಾರಿನಲ್ಲಿ ಸಮತಲ ಅಳತೆ 10 ಮೀಟರ್ ಸಿಗಲು, 30 ಡಿಗ್ರಿ ಇದ್ದರೆ ನೆಲದ ಮೇಲೆ 11.55 ಮೀಟರ್ ಹಿಡಿಯಬೇಕು. ಇದನ್ನು ಬಿಟ್ಟರೆ ಕಡಿದಾದ ಕಡೆ ಮರಗಳ ಸಾಂದ್ರತೆ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಬಂಡೆಯ ನೆಲೆಯಲ್ಲಿ ಚೌಕ ಬರಿಗಲ್ಲಿನ ಮೇಲೆ ಬಿದ್ದರೆ ಸರಿಸಬೇಡಿ, ಕಲ್ಲು ಶೇಕಡ ಎಷ್ಟು ಎಂದು ಬರೆಯಿರಿ. ಆ ಸೀಳುಗಳಲ್ಲಿ ಬೆಳೆಯುವ ಗಿಡಗಳ ಬದುಕು ಅರ್ಥವಾಗುವುದೇ ಆ ಸಂಖ್ಯೆಯಿಂದ.

30 ಸೆಂಟಿಮೀಟರ್ ಮೀರಿದ ಮರದ ಸುತ್ತಳತೆಯನ್ನು 1.37 ಮೀಟರ್ ಎತ್ತರದಲ್ಲಿ, ಇಳಿಜಾರಿನ ಮೇಲ್ಬದಿಗೆ ನಿಂತು ಅಳೆಯಿರಿ. ಕಡಿದ ಬುಡದಿಂದ ಚಿಗುರಿದ ಮರಕ್ಕೆ ಹಲವು ಕಾಂಡಗಳಿರುತ್ತವೆ. ಸುತ್ತಳತೆಗಳನ್ನೇ ಕೂಡಿಸಬಾರದು, ಒಂದೊಂದರ ಕಾಂಡಕ್ಷೇತ್ರ (ಆ ಎತ್ತರದಲ್ಲಿ ಕಾಂಡದ ಅಡ್ಡಕೊಯ್ತದ ವಿಸ್ತೀರ್ಣ) ಲೆಕ್ಕ ಹಾಕಿ ಕೂಡಿಸಬೇಕು. ಇಲ್ಲದಿದ್ದರೆ 30 ಸೆಂಟಿಮೀಟರಿನ ಮೂರು ಕಾಂಡಗಳು ಮೂರು ಪಟ್ಟು ದೊಡ್ಡದಾಗಿ ತೋರುತ್ತವೆ.

ಒಂದೊಂದು ಜಾತಿಯ ಸಾಪೇಕ್ಷ ಸಾಂದ್ರತೆ (ಸಂಖ್ಯೆಯಲ್ಲಿ ಅದರ ಶೇಕಡ ಪಾಲು), ಆವರ್ತನ (ಸಿಕ್ಕ ಚೌಕಗಳ ಲೆಕ್ಕದಲ್ಲಿ ಪಾಲು), ಪ್ರಾಬಲ್ಯ (ಕಾಂಡಕ್ಷೇತ್ರದಲ್ಲಿ ಪಾಲು) ಕೂಡಿಸಿ 300ಕ್ಕೆ ತೆಗೆಯುವ ಪ್ರಾಮುಖ್ಯ ಸೂಚ್ಯಂಕವನ್ನು ಎಲ್ಲ ವರದಿಗಳೂ ಕೊಡುತ್ತವೆ. ಕೊಡಿ, ಆದರೆ ಅದರ ಕೊನೆಯ ಸಾಲುಗಳನ್ನೇ ಮೊದಲು ಓದಿ. ಅಪರೂಪದ ಗಿಡ ಯಾವಾಗಲೂ ಕೆಳಗಿರುತ್ತದೆ, ಎಷ್ಟೋ ಸಲ ಚೌಕಕ್ಕೆ ಸಿಗುವುದೇ ಇಲ್ಲ. ಅದಕ್ಕಾಗಿ ಚೌಕಗಳ ನಡುವೆ ನಡೆದು ಹುಡುಕಿ, ನಡೆದ ದಾರಿಯನ್ನು ಜಿಪಿಎಸ್‌ನಲ್ಲಿ ಉಳಿಸಿ.

ಗುರುತು ಸಂದೇಹವಿದ್ದ ಗಿಡದ ಮಾದರಿಯನ್ನು ಹೂ, ಕಾಯಿ ಸಮೇತ ಒತ್ತಿಡಿ. ಮಳೆಗಾಲದಲ್ಲಿ ಕಾಗದವನ್ನು ದಿನವೂ ಬದಲಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ಆಸುಪಾಸಿನಲ್ಲಿ ಬೆರಳೆಣಿಕೆಯಷ್ಟೇ ಗಿಡಗಳಿದ್ದರೆ ಕೀಳಬೇಡಿ, ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಿರಿ. ಬಳ್ಳಾರಿ ಜಿಲ್ಲೆ 1953ರವರೆಗೆ ಮದ್ರಾಸಿಗೆ ಸೇರಿತ್ತು, ಹಳೆಯ ದಾಖಲೆಗಳನ್ನು ಮದ್ರಾಸ್ ಪ್ರಾಂತ್ಯದ ಸಸ್ಯಸಂಪುಟಗಳಲ್ಲೂ ನೋಡಬೇಕು.

ಗುತ್ತಿಗೆ ಪ್ರದೇಶದ ಹೊರಗೂ ಅದೇ ನೆಲೆಯ ಚೌಕಗಳು ಬೇಕು, ಲಾರಿ ರಸ್ತೆಯ ಕೆಂಧೂಳು ತಲುಪದಷ್ಟು ದೂರದಲ್ಲಿ. ಅವುಗಳ ಮೂಲೆಗೆ ಕಬ್ಬಿಣದ ಗೂಟ ಹೊಡೆದು ಜಿಪಿಎಸ್ ಗುರುತು ಬರೆದಿಡಿ. ಗಣಿ ನಡೆಯುವಾಗ ಲಂಟಾನ, ಬಳ್ಳಾರಿ ಜಾಲಿ ಎಷ್ಟು ನುಗ್ಗಿದವು, ಮುಚ್ಚಿದ ಮೇಲೆ ಏನು ಮರಳಿತು ಎಂದು ಅಳೆಯಲು ಆ ಗೂಟಗಳೇ ಆಧಾರ.