ಮೂರು ಹಳೆ ಆಂಪ್, ಒಂದು ಮಲ್ಟಿಮೀಟರ್

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯ ಹಾಲ್ 10 ಅಡಿಗೆ 12 ಅಡಿ. ಸೋಫಾ, ಟಿವಿ, ಮಗಳ ಓದುವ ಮೇಜು, ದೇವರ ಗೂಡು ಎಲ್ಲ ಅದರಲ್ಲೇ. ಇಂಥ ಜಾಗದಲ್ಲಿ ಹೋದ ವರ್ಷ ಒಂದೂವರೆ ತಿಂಗಳು ಮೂರು ಹಳೆ ಆಂಪ್ಲಿಫೈಯರ್, ಅಂದರೆ ಹಾಡಿನ ಸಿಗ್ನಲ್ ದೊಡ್ಡದು ಮಾಡಿ ಸ್ಪೀಕರಿಗೆ ಕೊಡುವ ಡಬ್ಬಿಗಳು, ಒಂದರ ಮೇಲೊಂದು ಕೂತಿದ್ದವು. ನನ್ನಾಕೆ ಅದಕ್ಕೆ ‘ಮೂರಂತಸ್ತಿನ ಚಾಳ್’ ಅಂತ ಹೆಸರಿಟ್ಟಿದ್ದಳು. (ಹಾಗೆ ಒಂದರ ಮೇಲೊಂದು ಇಡಬಾರದು, ಬಿಸಿಯಾಗುತ್ತವೆ. ನನಗೆ ಬೇರೆ ಜಾಗ ಇರಲಿಲ್ಲ.)

ಮೂರೂ ಚಿಕ್ಕವು. ನ್ಯಾಡ್ 3020, ಪಯೊನೀರ್ ಎಸ್‌ಎ-6300, ಮರಾಂಟ್ಜ್ 1030. ನ್ಯಾಡ್ 1978ರಲ್ಲಿ ಬಂದ ಮಾಡೆಲ್. ಅದೂ ಪಯೊನೀರೂ ಒಂದೊಂದು ಚಾನೆಲ್‌ಗೆ (ಎಡ ಒಂದು, ಬಲ ಒಂದು) 20 ವ್ಯಾಟ್. ಮರಾಂಟ್ಜ್ 15. ಆ ಕಾಲದ ಇಂಥ ಚಿಕ್ಕ ಮರಾಂಟ್ಜ್ ಆಂಪ್‌ಗಳ ನಂಬರಿನ ಕೊನೆಯ ಎರಡು ಅಂಕಿ ಎರಡೂ ಚಾನೆಲ್ ಕೂಡಿಸಿದ ವ್ಯಾಟ್. 1030 ಅಂದರೆ 15 ಮತ್ತು 15, 1060 ಅಂದರೆ 30 ಮತ್ತು 30.

‘ಇಷ್ಟು ಕಡಿಮೆ ವ್ಯಾಟ್ ಸಾಕಾ?’ ಅಂತ ಎಲ್ಲರೂ ಕೇಳುತ್ತಾರೆ. 8 ಓಮ್ ಸ್ಪೀಕರ್‌ಗೆ 1 ವ್ಯಾಟ್ ಹೋಗಬೇಕಾದರೆ 2.83 ವೋಲ್ಟ್ ಬೇಕು. ನಾನು ರಾತ್ರಿ ಕೇಳುವಾಗ ಸ್ಪೀಕರ್ ತಂತಿಯಲ್ಲಿ ಅಳೆದು ನೋಡಿದೆ. ಅರ್ಧ ವೋಲ್ಟ್ ದಾಟುವುದೇ ಅಪರೂಪ. ನ್ಯಾಡ್‌ನ ಮುಖದ ಮೇಲೆ ವ್ಯಾಟ್ ತೋರಿಸುವ ಚಿಕ್ಕ ದೀಪಗಳ ಸಾಲು ಇದೆ. ನಮ್ಮ ಮನೆಯಲ್ಲಿ ಮೊದಲನೇ ದೀಪ ಹತ್ತಿದರೆ ಪಕ್ಕದ ಮನೆಯವರು ಬೆಲ್ ಒತ್ತುತ್ತಾರೆ. 20 ವ್ಯಾಟ್ ಇದ್ದದ್ದನ್ನು 40 ಮಾಡಿದರೂ ಸಿಗುವುದು 3 ಡೆಸಿಬೆಲ್ ಮಾತ್ರ, ಕಿವಿಗೆ ಸ್ವಲ್ಪವೇ ಜೋರು.

ನ್ಯಾಡ್ ಸಿಕ್ಕಿದ್ದು ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ. ಅಂಗಡಿಯವ ಅದನ್ನು ಹಳೇ ಫ್ಯಾನಿನ ಮೋಟಾರಿನ ಕೆಳಗೆ ಇಟ್ಟಿದ್ದ. ‘ಡೆಡ್ ಹೈ, ಪಾರ್ಟ್ಸ್ ಕೆ ಲಿಯೇ ಲೇ ಜಾವೋ’ ಅಂದ. ತಿರುಗಿಸಿ ಹಿಂಬದಿ ನೋಡಿದೆ. ನನ್ನ ಎದೆ ಡವ್ ಅಂದಿತು. 3020ರ ಹಿಂದೆ ‘ಪ್ರೀ ಔಟ್’ ಮತ್ತು ‘ನಾರ್ಮಲ್ ಇನ್’ ಅನ್ನುವ ಸಾಕೆಟ್‌ಗಳ ನಡುವೆ ಯು ಆಕಾರದ ಎರಡು ಲೋಹದ ಕಡ್ಡಿ ಇರಬೇಕು. ವಾಲ್ಯೂಮ್, ಬಾಸ್ ನೋಡಿಕೊಳ್ಳುವ ಪ್ರೀಆಂಪ್ ಭಾಗವನ್ನು ಸ್ಪೀಕರ್ ಓಡಿಸುವ ಪವರ್ ಆಂಪ್ ಭಾಗಕ್ಕೆ ಜೋಡಿಸುವ ಸೇತುವೆ ಅದೇ. ಇದರಲ್ಲಿ ಎರಡೂ ಮಾಯ. ಅವಿಲ್ಲದಿದ್ದರೆ ಆಂಪ್ ಗಟ್ಟಿಮುಟ್ಟಾಗಿದ್ದರೂ ಚಕಾರ ಎತ್ತುವುದಿಲ್ಲ. ಮುಖದಲ್ಲಿ ಏನೂ ತೋರಿಸದೆ ಪಾರ್ಟ್ಸ್ ರೇಟಿಗೇ ಕೊಂಡೆ. ಸ್ಯಾಂಡ್‌ಹರ್ಸ್ಟ್ ರೋಡ್‌ನಲ್ಲಿ ಕಲ್ಯಾಣ್ ಸ್ಲೋ ಲೋಕಲ್ ರೈಲು ಹತ್ತಿ, ತೊಡೆಯ ಮೇಲೆ ಮಗುವಿನ ಹಾಗೆ ಇಟ್ಟುಕೊಂಡು ಬಂದೆ. ಮನೆಯಲ್ಲಿ ಒಂದು ಚಿಕ್ಕ ಆರ್‌ಸಿಎ ಕೇಬಲ್ (ಡಿವಿಡಿ ಪ್ಲೇಯರಿಗೆ ಹಾಕುವ ಥರದ್ದು) ಅಲ್ಲಿಗೆ ಸಿಕ್ಕಿಸಿದೆ. ಹಾಡಿತು.

ಮರಾಂಟ್ಜ್ ನನ್ನ ಭಾವ ಅಮೆರಿಕದಿಂದ ತಂದದ್ದು. ಅದು 120 ವೋಲ್ಟಿನದು ಮಾತ್ರ, ಹಾಗಾಗಿ ಜೊತೆಗೆ ವೋಲ್ಟೇಜ್ ಇಳಿಸುವ ಒಂದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕಾಯಿತು. ಪಯೊನೀರ್ ಆನ್‌ಲೈನ್‌ನಲ್ಲಿ ಒಬ್ಬರಿಂದ ಕೊಂಡದ್ದು. ‘ಪ್ಲಗ್ ಹಾಕಿ ಕೇಳಿ ಸಾರ್, ಅಷ್ಟೇ’ ಅಂದಿದ್ದರು. ಅವರ ಮಾತು ಕೇಳಿದ್ದರೆ ಆ ದಿನವೇ ಅದರ ತಿಥಿ ಆಗುತ್ತಿತ್ತು.

ಯಾಕೆಂದರೆ ನಾನು ಯಾವ ಹಳೆ ಆಂಪನ್ನೂ ನೇರ ಗೋಡೆಯ ಪ್ಲಗ್ಗಿಗೆ ಹಾಕುವುದಿಲ್ಲ. ಸೀರೀಸ್ ಲ್ಯಾಂಪ್ ಕಟ್ಟಿಕೊಂಡಿದ್ದೇನೆ. ಒಂದು ಮರದ ಹಲಗೆ, ಒಂದು ಹೋಲ್ಡರ್, 60 ವ್ಯಾಟಿನ ಹಳೇ ಥರದ ತಂತಿ ಬಲ್ಬ್, ಒಂದು ಸಾಕೆಟ್. ಕರೆಂಟ್ ಬಲ್ಬಿನ ಮೂಲಕವೇ ಆಂಪ್‌ಗೆ ಹೋಗಬೇಕು. ಎಲ್ಇಡಿ ಬಲ್ಬ್ ಇದಕ್ಕೆ ನಡೆಯುವುದಿಲ್ಲ. ಆಂಪ್ ಸರಿ ಇದ್ದರೆ ಬಲ್ಬ್ ಒಮ್ಮೆ ಪಳಕ್ ಅಂದು ಮಂಕಾಗುತ್ತದೆ. ಒಳಗೆ ಶಾರ್ಟ್ ಇದ್ದರೆ ಉರಿಯುತ್ತಲೇ ಇರುತ್ತದೆ, ಆಂಪ್ ಸುಡುವುದಿಲ್ಲ. ಪಯೊನೀರ್ ಹಾಕಿದಾಗ ಬಲ್ಬ್ ಮಂಕಾಗಲೇ ಇಲ್ಲ. ಟ್ರಾನ್ಸ್‌ಫಾರ್ಮರ್ ಗುರ್ ಅನ್ನತೊಡಗಿತು. ಆಫ್ ಮಾಡಿ ಹಿಂದೆ ಟಾರ್ಚ್ ಬಿಟ್ಟು ನೋಡಿದರೆ, ವೋಲ್ಟೇಜ್ ಬದಲಿಸುವ ಸೆಲೆಕ್ಟರ್ 120ರಲ್ಲಿ ನಿಂತಿದೆ. ನಮ್ಮ ಮನೆಯಲ್ಲಿ ಬರುವುದು 230ರ ಮೇಲೆ. ಸೆಲೆಕ್ಟರನ್ನು 240ಕ್ಕೆ ತಿರುಗಿಸಿದೆ, ಬಲ್ಬ್ ಮಂಕಾಯಿತು.

ಅದಾದ ಮೇಲೆ ಸ್ಪೀಕರ್ ಹಾಕದೆಯೇ ಸ್ಪೀಕರ್ ಟರ್ಮಿನಲ್‌ಗಳಲ್ಲಿ ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟ್) ಅಳೆಯಬೇಕು. 50 ಮಿಲಿವೋಲ್ಟ್ ಒಳಗಿದ್ದರೆ ನೆಮ್ಮದಿ. 100 ದಾಟಿದರೆ ನಾನು ಸ್ಪೀಕರ್ ಜೋಡಿಸುವುದಿಲ್ಲ, ನೇರ ಲ್ಯಾಮಿಂಗ್ಟನ್ ರೋಡಿನ ರಿಪೇರಿ ಚಾಚಾನ ಹತ್ತಿರ ಹೋಗುತ್ತೇನೆ. ಹಳೇ ಚಿಕ್ಕ ಆಂಪ್‌ಗಳಲ್ಲಿ ಎಷ್ಟೋ ಸಲ ಸ್ಪೀಕರ್ ಕಾಯುವ ರಿಲೇ ಇರುವುದಿಲ್ಲ. ಡಿಸಿ ನುಗ್ಗಿದರೆ ವೂಫರ್ ಕಾಯಿಲ್ ಸುಟ್ಟ ವಾಸನೆ ಬಂದ ಮೇಲೇ ಗೊತ್ತಾಗುವುದು.

ಮುಂಬೈಯ ಇನ್ನೊಂದು ಕಾಟ ಮಳೆಗಾಲ. ಸಮುದ್ರದ ಗಾಳಿಗೆ ಸ್ವಿಚ್ಚಿನ ಒಳಗಿನ ಲೋಹ ಕಪ್ಪಾಗುತ್ತದೆ. ‘ಒಂದು ಚಾನೆಲ್ ಹೋಗಿದೆ’ ಅಂತ ಅಗ್ಗಕ್ಕೆ ಮಾರುವ ಆಂಪ್‌ಗಳಲ್ಲಿ ಟೇಪ್ ರೆಕಾರ್ಡರ್ ಕೇಳಲು ಇರುವ ಟೇಪ್ ಮಾನಿಟರ್ ಸ್ವಿಚ್ಚೇ ಕಳ್ಳ ಆಗಿರುವುದು ಜಾಸ್ತಿ. ಪ್ಲಗ್ ಕಿತ್ತು, ಕಾಂಟ್ಯಾಕ್ಟ್ ಕ್ಲೀನರ್ ಒಂದು ಚೂರು ಸಿಂಪಡಿಸಿ, 30 ಸಲ ಆ ಕಡೆ ಈ ಕಡೆ ಆಡಿಸಿದರೆ ಬಹಳ ಸಲ ಜೀವ ಬರುತ್ತದೆ. ವಾಲ್ಯೂಮ್ ನಾಬಿನ ಕರಕರಕ್ಕೂ ಅದೇ ಮದ್ದು.

ಇನ್ನು ಹೋಲಿಕೆ. ಮೊದಲ ವಾರ ನಾನು ಎಲ್ಲರ ಹಾಗೇ ಮಾಡಿದೆ. ಒಂದು ಆಂಪ್ ಹಾಕಿ ಮಲ್ಲಿಕಾರ್ಜುನ ಮನ್ಸೂರರನ್ನು ಕೇಳುವುದು, ಕಿತ್ತು ಇನ್ನೊಂದು ಹಾಕಿ ಗಂಗೂಬಾಯಿ ಹಾನಗಲ್ಲರನ್ನು ಕೇಳುವುದು, ಡೈರಿಯಲ್ಲಿ ಬರೆಯುವುದು. ‘ಪಯೊನೀರ್: ತಬಲಾದ ಬಾಯಾ ಎದೆಗೆ ಬಡಿಯುತ್ತದೆ. ಮರಾಂಟ್ಜ್: ಜೇನು. ನ್ಯಾಡ್: ಸ್ವಲ್ಪ ಸಪ್ಪೆ.’ ಈಗ ಆ ಪುಟ ಓದಿದರೆ ನಾಚಿಕೆಯಾಗುತ್ತದೆ.

ಕಿವಿಗೆ ಒಂದು ದುರಭ್ಯಾಸ ಇದೆ. ಕೂದಲೆಳೆಯಷ್ಟು ಜಾಸ್ತಿ ಜೋರಿದ್ದದ್ದು ‘ಜೋರು’ ಅಂತ ಕೇಳುವುದಿಲ್ಲ, ‘ಚೆನ್ನಾಗಿದೆ’ ಅಂತ ಕೇಳುತ್ತದೆ. ಹಾಗಾಗಿ ಮೊದಲು ಮೂರನ್ನೂ ಸಮ ಮಾಡಬೇಕು. 400 ಹರ್ಟ್ಸ್‌ನ ಒಂದೇ ಸ್ವರ ಹಾಕಿ, ಮಲ್ಟಿಮೀಟರನ್ನು ಎಸಿಯಲ್ಲಿಟ್ಟು, ಸ್ಪೀಕರ್ ತಂತಿಯಲ್ಲಿ ಸರಿಯಾಗಿ 1 ವೋಲ್ಟ್ ಬರುವ ತನಕ ವಾಲ್ಯೂಮ್ ತಿರುಗಿಸಿದೆ. ಅಗ್ಗದ ಮೀಟರುಗಳು ಸಾವಿರ ಹರ್ಟ್ಸ್‌ನಲ್ಲಿ ಸುಳ್ಳು ಹೇಳಬಹುದು, 400ರ ತನಕ ನಂಬಬಹುದು. ನಾಬಿನ ಪಕ್ಕ ಟೇಪಿನ ತುಂಡು ಅಂಟಿಸಿ ಗೆರೆ ಎಳೆದೆ.

ಆಮೇಲೆ ಸುಮ್ನೆ ಕುತೂಹಲಕ್ಕೆ 100 ಹರ್ಟ್ಸ್ ಹಾಕಿ ನೋಡಿದೆ. ಬಾಸ್, ಟ್ರೆಬಲ್ ನಾಬ್ ಎರಡೂ ನಟ್ಟನಡುವೆ ನಿಂತಿದ್ದರೆ ಇಲ್ಲೂ ಹೆಚ್ಚುಕಡಿಮೆ 1 ವೋಲ್ಟೇ ಬರಬೇಕು. ನ್ಯಾಡ್ ಸರಿ. ಮರಾಂಟ್ಜ್ ಸರಿ. ಪಯೊನೀರ್‌ನಲ್ಲಿ ಸುಮಾರು 2 ವೋಲ್ಟ್! ಬಗ್ಗಿ ನೋಡಿದರೆ ಲೌಡ್‌ನೆಸ್ ಸ್ವಿಚ್ ಆನ್ ಆಗಿದೆ. ಒಂದು ವಾರ ಆನ್ ಆಗಿಯೇ ಇತ್ತು. ಕಡಿಮೆ ವಾಲ್ಯೂಮಿನಲ್ಲಿ ಕಿವಿಗೆ ತಗ್ಗು ಸ್ವರ ಸರಿಯಾಗಿ ಕೇಳುವುದಿಲ್ಲ ಅಂತ ಅದನ್ನು ಎತ್ತಿಕೊಡುವ ಸ್ವಿಚ್ ಅದು. ಎದೆಗೆ ಬಡಿಯುತ್ತಿದ್ದ ಬಾಯಾದ ಗುಟ್ಟು ಇಷ್ಟೇ.

ಅದನ್ನು ಆಫ್ ಮಾಡಿ ಮಗಳನ್ನು ಕರೆದೆ. ನಾನು ಗೋಡೆಗೆ ಮುಖ ಮಾಡಿ ಕೂರುವುದು, ಅವಳು ತಂತಿ ಬದಲಿಸಿ ಹಾಕುವುದು, ಯಾವುದು ಅಂತ ನಾನು ಹೇಳುವುದು. (ಬದಲಿಸುವಾಗ ಪ್ರತಿ ಸಲ ಆಂಪ್ ಆಫ್. ಸ್ಪೀಕರ್ ತಂತಿ ಒಂದಕ್ಕೊಂದು ತಾಗಿದರೆ ಟ್ರಾನ್ಸಿಸ್ಟರ್ ಹೋಗುತ್ತದೆ.) ನ್ಯಾಡೋ ಪಯೊನೀರೋ ಅಂತ ಹತ್ತು ಸಲ ಊಹಿಸಿದೆ, ಆರು ಸರಿ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಮರಾಂಟ್ಜ್ ಮಾತ್ರ ಹತ್ತಕ್ಕೆ ಒಂಬತ್ತು ಸರಿ. ಹಿಗ್ಗಿಹೋದೆ. ‘ಅಪ್ಪಾ, ಅದನ್ನು ಹಾಕಿದಾಗ ಮಾತ್ರ ಆ ಡಬ್ಬಿ ಗುಂಯ್ ಅನ್ನುತ್ತೆ, ಅಲ್ವಾ?’ ಅಂದಳು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್! ಜೇನಲ್ಲ, ಜೇನುಹುಳ.

ಹಾಗಂತ ಮೂರೂ ಒಂದೇ ಅಂತ ನಾನು ಹೇಳುವುದಿಲ್ಲ. ಜೋರಾಗಿ ಹಾಕಿದರೆ ಬೇರೆ ಕಥೆ ಇರಬಹುದು, ಫ್ಲಾಟಿನಲ್ಲಿ ಆ ಭಾಗ್ಯ ಇಲ್ಲ. ನನಗೆ ನಿಜವಾದ ವ್ಯತ್ಯಾಸ ಕಂಡದ್ದು ರಾತ್ರಿ 11ರ ನಂತರ. ವಾಲ್ಯೂಮ್ ಕಾಲುಭಾಗಕ್ಕೂ ಕೆಳಗೆ ಇಳಿಸಿದರೆ ಪಯೊನೀರ್‌ನಲ್ಲಿ ಮನ್ಸೂರರು ಎಡಗಡೆ ಸ್ಪೀಕರಿನೊಳಗೆ ಹೋಗಿ ಕೂತುಬಿಡುತ್ತಿದ್ದರು.  ಹಳೇ ವಾಲ್ಯೂಮ್ ಪಾಟಿನಲ್ಲಿ (ನಾಬಿನ ಹಿಂದಿರುವ ಬಿಡಿಭಾಗ) ಎಡಕ್ಕೂ ಬಲಕ್ಕೂ ಬೇರೆ ಬೇರೆ ಪಟ್ಟಿ ಇರುತ್ತದೆ. ತೀರಾ ಕೆಳಗೆ ಅವೆರಡೂ ಹೊಂದುವುದಿಲ್ಲ. ಸ್ಪ್ರೇ ಹೊಡೆದರೂ ಇದು ಹೋಗುವುದಿಲ್ಲ.

ಅಷ್ಟು ಕೆಳಗೆ ಇಳಿಸಬೇಕಾಗುವುದು ಯಾಕೆ? ಈ ಆಂಪ್‌ಗಳಿಗೆ ಹೊರಗಿನ ಪ್ಲೇಯರ್ ಜೋಡಿಸುವ ಆಕ್ಸ್ ಸಾಕೆಟ್ 150 ಮಿಲಿವೋಲ್ಟ್ ಆಸುಪಾಸಿಗೆ ಪೂರ್ತಿ ಪವರ್ ಕೊಡುವ ಹಾಗೆ ಮಾಡಿದ್ದು. ಇವತ್ತಿನ ಸಿಡಿ ಪ್ಲೇಯರ್, ಡ್ಯಾಕ್ (ಡಿಜಿಟಲ್ ಹಾಡನ್ನು ಆಂಪ್‌ಗೆ ಬೇಕಾದ ಸಿಗ್ನಲ್ ಮಾಡುವ ಡಬ್ಬಿ) ಎಲ್ಲ 2 ವೋಲ್ಟ್ ಸುರಿಯುತ್ತವೆ. ಚಮಚದಲ್ಲಿ ಕುಡಿಯುವವನ ಬಾಯಿಗೆ ಕೊಡ ಬಗ್ಗಿಸಿದ ಹಾಗೆ. ನಾಬ್ ಸ್ವಲ್ಪ ತಿರುಗಿಸುವಷ್ಟರಲ್ಲಿ ಮನೆ ತುಂಬುತ್ತದೆ.

ಮದ್ದು ಎರಡು ರೂಪಾಯಿಯ ರೆಸಿಸ್ಟರುಗಳು. ಪ್ರತಿ ಚಾನೆಲ್‌ನಲ್ಲಿ ಸಿಗ್ನಲ್ ತಂತಿಗೆ ಸೀರೀಸ್‌ನಲ್ಲಿ 10 ಕಿಲೋ ಓಮ್. ಅದರ ಆಂಪ್ ಕಡೆಯ ತುದಿಯಿಂದ ಗ್ರೌಂಡಿಗೆ 3.3 ಕಿಲೋ ಓಮ್. 2 ವೋಲ್ಟ್ ಅರ್ಧ ವೋಲ್ಟಿಗೆ ಇಳಿಯುತ್ತದೆ, ಅಂದರೆ 12 ಡೆಸಿಬೆಲ್ ಕಡಿಮೆ. ಆರ್‌ಸಿಎ ಪಿನ್ನಿನ ಒಳಗೇ ಬೆಸುಗೆ ಹಾಕಿದೆ. ಕನ್ನಡಕ ಹಾಕಿಕೊಂಡರೂ ಎರಡು ಸಲ ಬೆರಳು ಸುಟ್ಟುಕೊಂಡೆ. ಈಗ ಅದೇ ಜೋರಿಗೆ ನಾಬ್ ಸಾಕಷ್ಟು ಮೇಲೆ ನಿಲ್ಲುತ್ತದೆ. ಮನ್ಸೂರರು ನಡುವೆ ಬಂದು ಕೂತಿದ್ದಾರೆ.

ಕೊನೆಗೆ ನಾನು ಇಟ್ಟುಕೊಂಡದ್ದು ನ್ಯಾಡ್. ಅದರ ಪಾಟ್ ಕೆಳಗೂ ಸರಿಯಾಗಿತ್ತು, ಜೊತೆಗೆ ಗುಂಯ್‌ಗುಡುವ ಡಬ್ಬಿ ಬೇಡ. ಮರಾಂಟ್ಜ್ ಭಾವನಿಗೇ ಹೋಯಿತು. ಪಯೊನೀರನ್ನು ಆ ರೆಸಿಸ್ಟರ್ ಪಿನ್ನುಗಳ ಸಮೇತ ಕೆಳಮಹಡಿಯ ಕುಂದಾಪುರದ ಮಾಮನಿಗೆ ಕೊಟ್ಟೆ. ಲೌಡ್‌ನೆಸ್ ಆಫ್ ಮಾಡಿ, ಯಾಕೆ ಆಫ್ ಅಂತ ಕಾಲು ಗಂಟೆ ಭಾಷಣವನ್ನೂ ಮಾಡಿ ಬಂದೆ. ಮರುದಿನ ಹೋದರೆ ಅದು ಆನ್.

‘ಆನ್ ಮಾಡಿದ್ರೆ ತಬಲಾ ಚಂದ ಕೇಳ್ತದೆ ಮಾರಾಯ, ಇರ್ಲಿ ಬಿಡು’ ಅಂದರು. ಟಿವಿ ಮಲಗಿದ ಮೇಲೆ, ಮಾಮಿ ಏಳದ ಹಾಗೆ, ತೀರಾ ಮೆಲ್ಲಗೆ ಹಾಕಿಕೊಂಡು ಕೇಳುತ್ತಾರೆ ಅವರು. ಅಷ್ಟು ಮೆಲ್ಲಗೆ ಕೇಳುವವರಿಗೇ ಅಲ್ವಾ ಪಯೊನೀರ್‌ನವರು ಆ ಸ್ವಿಚ್ ಇಟ್ಟದ್ದು? ನಾನು ಚಹಾ ಕುಡಿದು ಮೇಲೆ ಬಂದೆ.